ಸೋಮವಾರದ ಎಪ್ಪತ್ತೊಂದು

ಬೆಳಗಾವಿ
ಏಪ್ರಿಲ್, ಎರಡನೇ ಶನಿವಾರ

ಸನಮಗೆ,

ಪತ್ರ ಬರೆಯುವಾಗ ಮೊದಲು ‘ನಾನು ಕ್ಷೇಮ’ ಎಂದು ಬರೆಯಬೇಕೆಂದು ನಮ್ಮ ನಂದಗಡದ ಸಾಲಿಯಲ್ಲಿ ಕಲಿಸಿದ್ದರು. ನಾನು ಕ್ಷೇಮವಾಗಿಯೇ ಇದ್ದೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಬೆಳಿಗ್ಗೆ ಸ್ಕೂಟಿ ತೆಗೆದುಕೊಂಡು ಉದ್ಯಮಬಾಗದ ಕಡೆ ಹೊರಟು ಸಿಗ್ನಲ್ಲಿನಲ್ಲಿ ನಿಂತಾಗ, ನಿನ್ನ ಅಬ್ಬಾ ತೀರಿಕೊಂಡು ಇವತ್ತಿಗೆ ಇಷ್ಟು ದಿನವಾಯಿತು ಎಂದು ಎಣಿಸುತ್ತೇನೆ. ಇವತ್ತಿಗೆ ಮೂವತ್ತೇಳು. ಹಸಿರು ದೀಪ ಬಂದ ಕೂಡಲೇ ಗಾಡಿ ಬಿಡುತ್ತೇನೆ. ಅಳು ಬಂದಿಲ್ಲ. ಬಂದಿದೆ ಎಂದು ಬರೆದರೆ ನಿನಗೆ ಸಮಾಧಾನವಾದೀತು, ಆದರೆ ಸುಳ್ಳು ಒಂದು ಆಗಲೇ ಹೇಳಿಯಾಗಿದೆ, ಇನ್ನೊಂದು ಬೇಡ.

ಆ ಒಂದು ಸುಳ್ಳಿಗಾಗಿಯೇ ಈ ಪತ್ರ. ಮೂರನೇ ದಿನದ ಫಾತಿಹಾ ಪ್ರಾರ್ಥನೆಗೆ ನಾನು ಖಾಸಬಾಗದ ನಿಮ್ಮ ಮನೆಗೆ ಬಂದಿದ್ದೆ. ನಿನ್ನ ಅಮ್ಮ ಎಲ್ಲರೆದುರು ನನ್ನ ಕೈ ಹಿಡಿದುಕೊಂಡು, "ಇವ್ರ ನೋಡ್ರಿ, ದವಾಖಾನಿಗೆ ಫೋನ್ ಮಾಡಿ ಮಂಗ್ಯಾನ ಬ್ಯಾನಿ ಅಂತ ಗುರ್ತಾ ಹಿಡದವ್ರು" ಎಂದರು. ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ನನಗೆ ಕೊಟ್ಟರು. ನೀನು ಚಪ್ಪಲಿ ಬಿಡುವ ಜಾಗದಲ್ಲಿ ಗೋಡೆಗೆ ಆತು ನಿಂತಿದ್ದೆ. ನಾನು ಹೊರಡುವಾಗ ಹಿಂದೆಯೇ ಬಂದು ಮೆಲ್ಲಗೆ ಹೇಳಿದೆ: "ಅಕ್ಕಾ, ನಿಮ್ಮದು ಆ ಮಷೀನ್ ಇತ್ತಲ್ರಿ. ಅದರಾಗ ಅಬ್ಬಾಂದ ರಕ್ತ ಒಂದ್ಸಲ ಹಾಕಿ ನೋಡಬೇಕಿತ್ರಿ."

ನಾನು "ಹೌದವ್ವಾ, ನೋಡಬೇಕಿತ್ತು" ಎಂದೆ. ಅಷ್ಟು ಹೇಳಿ ಗಾಡಿ ಹತ್ತಿದೆ.

ನೋಡಿದ್ದೆ, ಸನಮ. ಸೋಮವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೇ ನೋಡಿದ್ದೆ. ಅವರು ದವಾಖಾನೆ ಸೇರುವ ಮೂರು ದಿನ ಮೊದಲು. ರೋಗ ಇದೆ ಎಂದು ಯಂತ್ರ ಹೇಳಿತ್ತು. ನಾನು ನಂಬಲಿಲ್ಲ.

ಹೇಗೆ ನಂಬಲಿಲ್ಲ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ, ನಡುವೆ ಬಿಟ್ಟು ಹೋಗಬೇಡ.

ಖಾನಾಪುರದಾಚೆ ಕಾಡಂಚಿನ ಊರುಗಳಲ್ಲಿ ಯಾರಿಗಾದರೂ ಮಂಗನ ಕಾಯಿಲೆಯ ಅನುಮಾನ ಬಂದರೆ ರಕ್ತ ದೂರದ ಪ್ರಯೋಗಾಲಯಕ್ಕೆ ಹೋಗಿ, ಉತ್ತರ ಬರುವಷ್ಟರಲ್ಲಿ ನಾಲ್ಕೈದು ದಿನ. ಅಷ್ಟರಲ್ಲಿ ಜ್ವರದವನು ಎದ್ದು ಗದ್ದೆಗೆ ಹೋಗಿರುತ್ತಾನೆ, ಇಲ್ಲವೇ ಅವನಿಗೆ ಯಾವ ಉತ್ತರವೂ ಬೇಕಾಗಿರುವುದಿಲ್ಲ. ಆ ನಾಲ್ಕೈದು ದಿನವನ್ನು ಇಪ್ಪತ್ತು ನಿಮಿಷಕ್ಕೆ ಇಳಿಸುವುದು ನಮ್ಮ ಕೆಲಸ. ಬೆರಳುದ್ದದ ಒಂದು ಪಟ್ಟಿ. ತುದಿಗೆ ಚಿನ್ನದ ತೆಳು ಲೇಪ. ಅದರ ಮೇಲೆ ಡಿಎನ್‌ಎಯ ಚಿಕ್ಕ ಚಿಕ್ಕ ಎಳೆಗಳನ್ನು ಭತ್ತದ ಸಸಿ ನಾಟಿ ಮಾಡಿದಂತೆ ನೆಟ್ಟಿರುತ್ತೇವೆ. ಪಟ್ಟಿಗೆ ಹಾಕಿದ ರಕ್ತದಲ್ಲಿ ಆ ವೈರಸ್ಸಿನ ಎಳೆ ಇದ್ದರೆ ನಮ್ಮ ಎಳೆ ಅದನ್ನು ಹಿಡಿದುಕೊಳ್ಳುತ್ತದೆ. ಹಿಡಿದ ಕೂಡಲೇ ಪಟ್ಟಿಯಲ್ಲಿ ಹರಿಯುವ ಕರೆಂಟು ತುಸು ಬದಲಾಗಿ, ಯಂತ್ರ ಅದನ್ನು ಒಂದು ಅಂಕಿಯಾಗಿ ತೋರಿಸುತ್ತದೆ. ಹತ್ತರ ಒಳಗೆ ಬಂದರೆ ರೋಗವಿಲ್ಲ. ಮೂವತ್ತು ದಾಟಿದರೆ ಇದೆ.

ಆದರೆ ‘ಇಲ್ಲ’ ಎಂದರೆ ಏನು ಎಂಬುದನ್ನು ಯಂತ್ರಕ್ಕೆ ಮೊದಲು ಕಲಿಸಬೇಕು. ಅದಕ್ಕೆ ಆರೋಗ್ಯವಂತರ ರಕ್ತ ಬೇಕು. ವಾರ ವಾರಕ್ಕೆ ಹೋಲಿಸಿ ನೋಡಲು ಒಬ್ಬರದೇ ಆದರೆ ಅನುಕೂಲ. ಯಾರದು ತೆಗೆದುಕೊಳ್ಳೋಣ ಎಂದು ನಾವೆಲ್ಲ ಮುಖ ಮುಖ ನೋಡುತ್ತಿದ್ದಾಗ, ಗಾಜಿನ ಸಾಮಾನು ಒರೆಸುತ್ತಿದ್ದ ನಮ್ಮ ಅಟೆಂಡರ್, ನಿನ್ನ ಅಬ್ಬಾ, ತೋಳು ಮಡಚಿಕೊಂಡೇ ಬಂದರು. "ನಂದ ತಗೋರಿ ಮೇಡಮ್ಮರ. ಐವತ್ತೆರಡು ವರ್ಷದಾಗ ನೆಗಡಿ ಬಿಟ್ರ ಬ್ಯಾರೆ ಏನೂ ಕಂಡಿಲ್ಲ ಈ ಮೈ." ಹದಿನಾಲ್ಕು ತಿಂಗಳು ಪ್ರತಿ ಸೋಮವಾರ ಹನ್ನೊಂದಕ್ಕೆ ಇಮಾಮ ಕಾಕಾ ಬಂದು ಕೂತರು. ಅವರ ರಕ್ತದ ನಳಿಕೆಗೆ ಹೆಸರಿರಲಿಲ್ಲ, ‘0’ ಎಂದು ಬರೆದ ಚೀಟಿ ಇತ್ತು. ಎಲ್ಲರೂ ಝೀರೊ ಕಾಕಾ ಎನ್ನತೊಡಗಿದರು. "ಮನ್ಯಾಗ ನಮ್ಮ ಸನಮ ಮುಂದ ಮೊದಲ ಝೀರೊ ಆಗೇನಿ, ಈಗ ಇಲ್ಲೂ ಆದ್ನಿ ತಗೋರಿ" ಎಂದು ನಕ್ಕಿದ್ದರು.

ರಕ್ತ ತೆಗೆಯುವ ಮೊದಲು ತುಂಬುವ ಒಂದು ಫಾರ್ಮ್ ಇದೆ. ಐದೇ ಪ್ರಶ್ನೆ. ಜ್ವರ ಇದೆಯೇ, ಮೈಕೈ ನೋವಿದೆಯೇ, ಈ ಹದಿನೈದು ದಿನದಲ್ಲಿ ಕಾಡಿಗೆ ಹೋಗಿದ್ದಿರೇ, ಉಣ್ಣಿ ಕಚ್ಚಿದೆಯೇ, ಔಷಧ ತೆಗೆದುಕೊಂಡಿದ್ದೀರೇ. ಮೊದಲ ವಾರಗಳಲ್ಲಿ ಕಾಕಾ ಸಾಲಿಯ ಹುಡುಗರಂತೆ ಕೈ ಕಟ್ಟಿ ಕೂತು ಒಂದೊಂದಕ್ಕೂ ಯೋಚಿಸಿ ಉತ್ತರ ಹೇಳುತ್ತಿದ್ದರು. ನನಗೆ ಅವಸರ. ಮೂರನೇ ತಿಂಗಳಿನಿಂದ, ಅವರು ಬರುವ ಮೊದಲೇ ಐದಕ್ಕೂ ‘ಇಲ್ಲ’ ಎಂದು ಗುರುತು ಹಾಕಿ, ಕೊನೆಯಲ್ಲಿ ‘ಆರೋಗ್ಯವಂತ’ ಎಂದು ಬರೆದು ಇಟ್ಟಿರುತ್ತಿದ್ದೆ. ಅವರು ಕೆಳಗೆ ಸಹಿ ಹಾಕುತ್ತಿದ್ದರು. ಉರ್ದು ಸಾಲಿ ಕಲಿತವರಾದರೂ ಸಹಿ ಮಾತ್ರ ಕನ್ನಡದಲ್ಲಿ, ಗೆರೆ ಬಿಡದ ಹಾಗೆ, ಪೂರ್ತಿ ಹೆಸರು.

ನೀನೊಮ್ಮೆ ಡಬ್ಬಿ ಕೊಡಲು ಲ್ಯಾಬಿಗೆ ಬಂದದ್ದು ನೆನಪಿದೆಯೇ? ಕಾರ್ಖಾನೆಯ ನೀಲಿ ಅಂಗಿಯಲ್ಲೇ ಇದ್ದೆ. ಕಾಕಾ ನಿನ್ನನ್ನು ಯಂತ್ರದ ಮುಂದೆ ನಿಲ್ಲಿಸಿ, ತಾವೇ ಕಂಡುಹಿಡಿದವರಂತೆ ಎಲ್ಲ ವಿವರಿಸಿದರು. ನೀನು ಕೇಳಿಕೊಂಡು, "ಹಂಗಾರ ಅಬ್ಬಾ ಮಾಸ್ಟರ್ ಪೀಸ್ ಅನ್ರಿ" ಎಂದೆ. ನಿಮ್ಮಲ್ಲಿ ತಯಾರಾದ ಭಾಗಗಳನ್ನು ಗೇಜಿನಿಂದ ಅಳೆಯುವುದು ನಿನ್ನ ಕೆಲಸ. ಗೇಜು ಸರಿಯಿದೆಯೋ ಇಲ್ಲವೋ ನೋಡಲು ಒಂದು ಮಾಸ್ಟರ್ ಪೀಸ್ ಇರುತ್ತದೆ. ಅದಕ್ಕೂ ಗೇಜಿಗೂ ತಾಳೆಯಾಗದಿದ್ದರೆ ಗೇಜಿನದೇ ತಪ್ಪೆಂದು ತೆಗೆದಿಡುತ್ತೀರಿ. ಇದನ್ನೆಲ್ಲ ನನಗೆ ಹೇಳಿಕೊಟ್ಟವಳು ನೀನೇ. ಆಮೇಲೆ ಒಂದು ಮಾತು ಕೇಳಿದೆ: "ಆದ್ರ ಮಾಸ್ಟರ್ ಪೀಸ್ ಸವದ್ರ ಯಾರಿಗೆ ಗೊತ್ತಾಗ್ತೈತ್ರಿ ಅಕ್ಕಾ?" ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾ ಸವ್ಯಾಂಗಿಲ್ಲ ಬೇಟಿ." ನಾನೂ ನಕ್ಕೆ.

ಖಾನಾಪುರದ ಊರುಗಳಿಗೆ ಹೋದಾಗ ಜನ ನಮ್ಮ ಹತ್ತಿರ ಬರುತ್ತಿರಲಿಲ್ಲ, ಕಾಕಾನ ಹತ್ತಿರ ಬರುತ್ತಿದ್ದರು. ಮರಾಠಿಯವರಿಗೆ "ಘಾಬರೂ ನಕಾ" ಎನ್ನುವರು, ಕನ್ನಡದವರಿಗೆ "ಅಂಜಬ್ಯಾಡ್ರಿ, ಮೊದಲ ನಂದ ತಗೀತಾರ ನೋಡ್ರಿ" ಎಂದು ತೋಳು ಚಾಚುವರು. ದಾರಿಯಲ್ಲಿ ನಂದಗಡದ ನಮ್ಮ ಮನೆಯಲ್ಲಿ ಜೀಪು ನಿಲ್ಲಿಸಿದರೆ ನನ್ನ ಅವ್ವ ಗೌರವ್ವ ಮಜ್ಜಿಗೆ ಕೊಡುತ್ತಿದ್ದಳು. ನನಗಿಂತ ಹೆಚ್ಚು ಮಾತು ಅವರಿಬ್ಬರದೇ. ಅವ್ವನಿಗೆ ಸುದ್ದಿ ಹೇಳಿದಾಗ, "ಆ ಚಲೋ ಮನಷ್ಯಾಗ ಹೆಂಗ ಬಂತವ್ವಾ ಇದು?" ಎಂದು ಕೇಳಿದಳು. ಅವಳಿಗೂ ನಾನು ಪೂರ್ತಿ ಹೇಳಿಲ್ಲ.

ಹೆಂಗ ಬಂತು ಎಂಬುದು ನಿನಗೇ ಗೊತ್ತು. ರಮಜಾನ್ ಶುರುವಾಗುವ ಮುಂಚಿನ ಭಾನುವಾರ ಕಾಕಾ ಖಾನಾಪುರದಾಚೆ ನಿನ್ನ ಮಾಮಾನ ಊರಿಗೆ ಹೋಗಿ, ಭತ್ತದ ಸಸಿಮಡಿ ಸುಡಲಿಕ್ಕೆಂದು ಕಾಡಿನಿಂದ ಒಣ ಎಲೆ ಗುಡಿಸಿ ತಂದಿದ್ದರು. ಅವರ ಮೊಣಕಾಲ ಹಿಂದಿನಿಂದ ನಾನೇ ಉಣ್ಣಿ ಕಿತ್ತು ಬಿಸಾಕಿದೆ ಎಂದು ನಿನ್ನ ಅಮ್ಮ ಆಮೇಲೆ ಹೇಳಿದರು. ಕಾಕಾ ನನಗೆ ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳಬೇಕೆಂದು ಅಚ್ಚು ಹಾಕಿಸಿದ ಕಾಗದದ ಮೇಲೆ ಕೇಳದೆಯೇ ಗುರುತು ಹಾಕಿ ಇಟ್ಟಿದ್ದೆ.

ಆ ಸೋಮವಾರ ಐದನೇ ರೋಜಾ. ಹಿಂದಿನ ವರ್ಷವೇ ಮೌಲ್ವಿಯವರನ್ನು ಕೇಳಿಕೊಂಡು ಬಂದಿದ್ದರು, "ಇಷ್ಟು ರಕ್ತಕ್ಕ ರೋಜಾ ಮುರ್ಯಾಂಗಿಲ್ಲಂತ್ರಿ, ನೀವು ನಿಶ್ಚಿಂತಿ ತಗೋರಿ" ಎಂದು. ಹಾಗಾಗಿ ಅಂದೂ ಬಂದು ಕೂತರು. ಕಣ್ಣು ಕೆಂಪಗಿತ್ತು. ತಲೆ ಒಡೆಯುತ್ತಿದೆ, ಸೊಂಟ ಹಿಡಿದಿದೆ ಎಂದರು. "ಐದು ದಿನದಾಗ ರೋಜಾ ಜಡಾ ಆತೇನ್ರಿ ಕಾಕಾ?" ಎಂದು ನಾನು ಚೇಷ್ಟೆ ಮಾಡಿದೆ. ಅವರೂ ನಕ್ಕು, "ವಯಸ್ಸಾತ್ರಿ" ಎಂದರು. ನನ್ನ ಪರ್ಸಿನಲ್ಲಿ ಮೈಕೈ ನೋವಿನ ಗುಳಿಗೆ ಸದಾ ಇರುತ್ತವೆ. ಮೂರು ಕೊಟ್ಟೆ. ಸಂಜೆ ಉಪವಾಸ ಬಿಟ್ಟಮೇಲೆ ದಿನಕ್ಕೊಂದು ತಗೊಳ್ರಿ ಎಂದೆ. ಅಂಗಿಯ ಮೇಲಿನ ಕಿಸೆಯಲ್ಲಿ ಇಟ್ಟುಕೊಂಡರು. ಸಹಿ ಹಾಕಿದರು. ಅಂದಿನ ಸಹಿ ಗೆರೆ ಬಿಟ್ಟು ಕೆಳಗೆ ಜಾರಿದೆ. ಈಗ ನೋಡಿದರೆ ಕುರುಡರಿಗೂ ಕಾಣುವಂತಿದೆ. ಅಂದು ನೋಡಿ ಬದಿಗಿಟ್ಟೆ.

ಪಟ್ಟಿಗೆ ರಕ್ತ ಹಾಕಿದೆ. ಇಪ್ಪತ್ತು ನಿಮಿಷಕ್ಕೆ ಎಪ್ಪತ್ತೊಂದು ಬಂತು. ಇನ್ನೊಂದು ಪಟ್ಟಿ, ಅರವತ್ತೆಂಟು. ಮತ್ತೊಂದು, ಎಪ್ಪತ್ತಮೂರು.

ಆಗ ನನ್ನ ತಲೆಯಲ್ಲಿ ಬಂದ ಮೊದಲ ಮಾತನ್ನು ಹಾಗೆಯೇ ಬರೆಯುತ್ತೇನೆ: ಥೂ, ಪಟ್ಟಿ ಹಾಳಾಗ್ಯಾವು. ಲ್ಯಾಬಿನ ದಿನಚರಿ ಪುಸ್ತಕದಲ್ಲೂ ಅದನ್ನೇ ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಬರೆದೆ. ಝೀರೊ ಎಪ್ಪತ್ತೊಂದು ತೋರಿಸಿದರೆ ತಪ್ಪು ಪಟ್ಟಿಯದು, ಇನ್ಯಾರದಾಗಲು ಸಾಧ್ಯ? ನಲವತ್ತು ಪಟ್ಟಿಗಳ ಡಬ್ಬಿಯನ್ನೇ ಕಸಕ್ಕೆ ಹಾಕಿದೆ. ಮಂಗಳವಾರ ಹೊಸ ಚಿನ್ನ, ಹೊಸ ಎಳೆ, ಹೊಸ ಪಟ್ಟಿ, ಅದೇ ರಕ್ತ. ಮೂರು ಸಲ ನೋಡಿದೆ, ಮೂರೂ ಸಲ ಎಪ್ಪತ್ತರ ಆಸುಪಾಸು. ಬುಧವಾರ ಉಪ್ಪುನೀರಿನ ದ್ರಾವಣ ಬದಲಿಸಿ ಮತ್ತೆ ಮೂರು ಸಲ. ಅದೇ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ; ನಾನು ಮೂರು ದಿನ ನೆಲವನ್ನೇ ಅಗೆದೆ.

ಮಂಗಳವಾರದ್ದು ಒಂದು ಹೇಳುವುದಿದೆ. ಇದನ್ನು ಬಿಟ್ಟುಬಿಡೋಣವೆಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಅಂದೂ ಕಾಕಾ ಕೆಲಸಕ್ಕೆ ಬಂದಿದ್ದರು. ನಾನು ಹೊಸ ಪಟ್ಟಿ ಮಾಡಲು ಬೇಕಾದ ಗಾಜಿನ ಸಾಮಾನನ್ನೆಲ್ಲ ಅವರೇ ಎರಡೆರಡು ಸಲ ತೊಳೆದುಕೊಟ್ಟರು. ನಡುನಡುವೆ ಸಿಂಕಿನ ಅಂಚು ಹಿಡಿದು ನಿಲ್ಲುತ್ತಿದ್ದರು. ನಾನು ಯಂತ್ರಕ್ಕೆ ಬೈಯುವುದನ್ನು ಕೇಳಿಸಿಕೊಂಡು, ಅಂಜುತ್ತಲೇ ಬಂದು ಕೇಳಿದರು: "ಮೇಡಮ್ಮರ, ತಪ್ಪು ನನ್ನ ರಕ್ತದಾಗ ಇರಬಹುದೇನ್ರಿ?" ನಾನು ತಲೆಯೆತ್ತದೆ ಹೇಳಿದೆ: "ನಿಮ್ಮದ ಹೆಂಗ ತಪ್ಪಾಕೈತಿ ಕಾಕಾ? ನೀವು ಝೀರೊ." ಅವರಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಸಮಾಧಾನವಾಗಿ ಹೋಗಿ ಮತ್ತೆ ತೊಳೆಯಲು ನಿಂತರು.

ಬುಧವಾರ ಬರಲಿಲ್ಲ. ರಜೆ ಚೀಟಿಯೂ ಇಲ್ಲ, ರೋಜಾದಲ್ಲಿ ದಣಿದಿರಬೇಕು ಎಂದುಕೊಂಡೆ. ಗುರುವಾರ ಮಧ್ಯಾಹ್ನ ಕೊನೆಯ ಪಟ್ಟಿಗಳು ಉಳಿದಿದ್ದವು. ಬೇಸತ್ತು, ನನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡು ಒಂದು ಹನಿ ಹಾಕಿದೆ. ಆರು. ಇನ್ನೊಂದು ಪಟ್ಟಿ. ಐದು. ಆಗ ಕಾಕಾನ ರಕ್ತ ಮತ್ತೆ ಹಾಕುವ ಧೈರ್ಯ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸೋಮವಾರವೇ ಇದನ್ನು ಮಾಡಿದ್ದರೆ ಇಪ್ಪತ್ತು ನಿಮಿಷದ ಮಾತು. ನಿನ್ನ ಅಮ್ಮನಿಗೆ ಫೋನ್ ಮಾಡಿದೆ. ಬೆಳಿಗ್ಗೆಯೇ ದವಾಖಾನೆಗೆ ಸೇರಿಸಿದ್ದೇವೆ, ಒಸಡಿನಲ್ಲಿ ರಕ್ತ ಬರುತ್ತಿದೆ, ಡೆಂಗಿ ಇರಬಹುದು ಅಂತಾರೆ ಎಂದರು. ಅಲ್ಲಿಗೆ ಫೋನ್ ಮಾಡಿ ಮಂಗನ ಕಾಯಿಲೆ ನೋಡಿರಿ ಎಂದು ಹೇಳಿದೆ. ನಿನ್ನ ಅಮ್ಮ ಎಲ್ಲರಿಗೂ ಹೇಳುತ್ತಿರುವ ‘ಗುರ್ತಾ ಹಿಡಿದದ್ದು’ ಇಷ್ಟೇ. ಮುಂದಿನ ಗುರುವಾರ ಕಾಕಾ ಹೋದರು. ಸರಕಾರಿ ಪ್ರಯೋಗಾಲಯದ ಕಾಗದ ಅದಾದ ಮೇಲೆ ಬಂತು, ನಮ್ಮ ಯಂತ್ರ ಹೇಳಿದ್ದನ್ನೇ ಹೇಳಿತು.

ನಿನ್ನ ಮನಸ್ಸಿನಲ್ಲಿ ಈಗ ಬರುವ ಪ್ರಶ್ನೆಯನ್ನು ನಾನು ಡಾಕ್ಟರರಿಗೆ ಕೇಳಿದ್ದೇನೆ. ಮೂರು ದಿನದ ವಿಷಯವನ್ನೂ, ಮೂರು ಗುಳಿಗೆಯ ವಿಷಯವನ್ನೂ ಮುಚ್ಚಿಡದೆ ಹೇಳಿಯೇ ಕೇಳಿದೆ. ಅವರು ಹೇಳಿದರು: "ಇದಕ್ಕ ಖಾಸ್ ಔಷಧ ಅಂತ ಇಲ್ರಿ. ಮೊದಲ ಬಂದಿದ್ರ ಸಲಾಯಿನ್ ಹಚ್ಚತಿದ್ವಿ, ರಕ್ತದ ಮ್ಯಾಲ ನಿಗಾ ಇಡತಿದ್ವಿ, ಆ ಗುಳಿಗಿ ಅಂತೂ ಮುಟ್ಟಾಕ ಕೊಡತಿರಲಿಲ್ಲ, ಅದು ರಕ್ತ ಹರಿಯೂದು ಹೆಚ್ಚ ಮಾಡ್ತೈತಿ. ಉಳಿತಿದ್ರು ಅಂತ ಹೇಳಾಕ ಬರಂಗಿಲ್ಲ. ಉಳಿತಿದ್ದಿಲ್ಲ ಅಂತನೂ ಹೇಳಾಕ ಬರಂಗಿಲ್ಲ." ಅದರಲ್ಲಿ ನನಗೆ ಬೇಕಾದ ಅರ್ಧವನ್ನಷ್ಟೇ ಇಟ್ಟುಕೊಂಡು ಒಂದು ತಿಂಗಳು ಕಳೆದೆ. ನಿನಗೆ ಎರಡೂ ಅರ್ಧ ಕಳಿಸುತ್ತಿದ್ದೇನೆ.

ಈಗ ಲಕೋಟೆಯಲ್ಲಿರುವ ಕಾಗದಗಳ ವಿಷಯ. ಕಾಕಾ ಬದುಕಿದ್ದಾಗ ಕೊಟ್ಟ ಒಪ್ಪಿಗೆ ಆರೋಗ್ಯವಂತನ ರಕ್ತಕ್ಕೆ ಮಾತ್ರ. ಅದನ್ನು ರೋಗಿಯ ರಕ್ತ ಎಂದು ನಮ್ಮ ಪ್ರಬಂಧದಲ್ಲಿ ಬಳಸಬೇಕಾದರೆ ಮನೆಯವರ ಸಹಿ ಬೇಕು. ಸನಮ ಓದಿ ಹೇಳಿದರೆ ತಾನು ಒಪ್ಪುತ್ತೇನೆಂದು ಅಮ್ಮ ಅಂದಿದ್ದಾರೆ, ಹಾಗಾಗಿ ಸಹಿ ಹಾಕುವ ಜಾಗದಲ್ಲಿ ನಿನ್ನ ಹೆಸರೇ ಇದೆ. ನಮ್ಮ ಮುಖ್ಯಸ್ಥರಾದ ಬಾಳಾಸಾಹೇಬ ಸರ್ ಈ ಒಪ್ಪಿಗೆಯ ಫಾರ್ಮ್ ಕೊಟ್ಟು, "ನಮ್ಮ ಪಟ್ಟಿ ಮೊದಲನೇ ದಿನಾನ ಹಿಡದೈತಿ, ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ, ಸಹಿ ತಗೊಂಡು ಬರ್ರಿ" ಎಂದರು. ಫಾರ್ಮಿನಲ್ಲಿ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಪಟ್ಟಿ ಮೊದಲ ದಿನವೇ ಹಿಡಿಯಿತು. ಆಮೇಲಿನ ಮೂರು ದಿನ ಅದರಲ್ಲಿಲ್ಲ, ಅಷ್ಟೇ. ಪ್ರಬಂಧದಲ್ಲಿ ಆ ಮೂರು ದಿನವನ್ನೂ ಬರೆಯದಿದ್ದರೆ ಅದರಿಂದ ನನ್ನ ಹೆಸರು ತೆಗೆಯಿರಿ ಎಂದು ನಿನ್ನೆ ಅವರಿಗೆ ಹೇಳಿದೆ. "ಅದನ್ನ ಬರದ್ರ ಮಾತು ಯಂತ್ರದ ಮ್ಯಾಲಲ್ಲ, ನಿಮ್ಮ ಮ್ಯಾಲ ಬರ್ತೈತಿ, ನೌಕರಿ ಹೋದೀತು" ಎಂದರು. ಬರಲಿ ಎಂದೆ. ಕೆಟ್ಟವರಲ್ಲ ಅವರು, ಅಂತ್ಯಕ್ರಿಯೆಯ ದಿನ ಹೆಗಲು ಕೊಟ್ಟವರಲ್ಲಿ ಅವರೂ ಇದ್ದರು.

ನೀನು ಸಹಿ ಹಾಕಿದರೆ ಪರೀಕ್ಷೆ ಒಂದು ವರ್ಷ ಮೊದಲು ಖಾನಾಪುರದ ಊರುಗಳಿಗೆ ಹೋಗಬಹುದು. ಹಾಕದಿದ್ದರೆ ಇನ್ನಷ್ಟು ರೋಗಿಗಳಿಗಾಗಿ ಮುಂದಿನ ಬೇಸಿಗೆಯವರೆಗೆ ಕಾಯಬೇಕು. ಇದು ಖರೇ, ಅದಕ್ಕೆ ಬರೆದೆ. ಇದನ್ನು ಹೇಳಿ ನಿನ್ನ ಕೈ ಹಿಡಿದು ಸಹಿ ಹಾಕಿಸುತ್ತಿಲ್ಲ. ಜೊತೆಗೆ ಇನ್ನೆರಡು ಕಾಗದ ಇಟ್ಟಿದ್ದೇನೆ. ಒಂದು, ಆ ನಾಲ್ಕು ದಿನದ ದಿನಚರಿ ಪುಟಗಳ ನಕಲು. ಇನ್ನೊಂದು, ಸೋಮವಾರದ ಫಾರ್ಮ್. ಅದರಲ್ಲಿ ನನ್ನ ಐದು ಗುರುತುಗಳಿವೆ, ನನ್ನ ಅಕ್ಷರದಲ್ಲಿ ‘ಆರೋಗ್ಯವಂತ’ ಎಂದಿದೆ, ಕೆಳಗೆ ಜಾರಿದ ಸಹಿ. ಅದನ್ನು ಮೊದಲು ನೋಡು. ಈ ಕಾಗದಗಳನ್ನು ಯಾರಿಗಾದರೂ ತೋರಿಸಬೇಕೆನಿಸಿದರೆ, ದೂರು ಕೊಡಬೇಕೆನಿಸಿದರೆ, ಕೊಡು. ನಾನು ಅಲ್ಲಗಳೆಯುವುದಿಲ್ಲ.

ಈಗ ಝೀರೊ ನನ್ನ ರಕ್ತ. ಪ್ರತಿ ಸೋಮವಾರ ಹನ್ನೊಂದಕ್ಕೆ ಕಾಕಾ ಕೂರುತ್ತಿದ್ದ ಕುರ್ಚಿಯಲ್ಲಿ ಕೂತು, ಐದು ಪ್ರಶ್ನೆಗಳನ್ನು ಬಾಯಿಬಿಟ್ಟು ಓದಿ, ಬಾಯಿಬಿಟ್ಟು ಉತ್ತರ ಹೇಳಿ, ಆಮೇಲೆ ಗುರುತು ಹಾಕುತ್ತೇನೆ. ಹೊಸಬರು ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೆ. ಮಾಸ್ಟರ್ ಪೀಸ್ ಸವೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ನೀನು ಕೇಳಿದ್ದೆಯಲ್ಲ. ಗೇಜಿಗೆ ಗೊತ್ತಾಗುತ್ತದೆ, ಸನಮ. ಗೇಜು ಹೇಳಿತು. ಸೋಮವಾರ ಮೂರು ಸಲ, ಮಂಗಳವಾರ ಮೂರು ಸಲ, ಬುಧವಾರ ಮೂರು ಸಲ. ಮಂಗಳವಾರ ನಿನ್ನ ಅಬ್ಬಾ ಕೂಡ ಹೇಳಿದರು.

ಬರುವ ಮಂಗಳವಾರ ನಲವತ್ತರ ಫಾತಿಹಾಕ್ಕೆ ಬರಬೇಕೆಂದು ಅಮ್ಮ ಫೋನ್ ಮಾಡಿದ್ದರು. ನಾನು ಹೂಂ ಎಂದಿದ್ದೇನೆ. ಆದರೆ ಆ ಕುರ್ಚಿಯಲ್ಲಿ ಹಾಗೆಯೇ ಇನ್ನೊಮ್ಮೆ ಕೂರಲು ನನ್ನಿಂದಾಗದು. ಈ ಪತ್ರವನ್ನು ಅಮ್ಮನಿಗೆ ನಿಮ್ಮ ಮನೆಯ ಮಾತಿನಲ್ಲಿ ಓದಿ ಹೇಳು. ಕೇಳಿದ ಮೇಲೂ ಬಾ ಎಂದರೆ ಬರುತ್ತೇನೆ, ನೆಲದ ಮೇಲೆ ಕೂರುತ್ತೇನೆ. ನಿನ್ನಿಂದ ಮಾತು ಬಾರದಿದ್ದರೆ ಬರುವುದಿಲ್ಲ, ಯಾಕೆ ಎಂದು ಕೇಳುವುದೂ ಇಲ್ಲ.

ನೀನೂ ಅಮ್ಮನೂ ಮೈ ಹುಷಾರಾಗಿರಿ. ಮಾಮಾನ ಊರಿಗೆ ಹೋದರೆ ಮೈತುಂಬ ಬಟ್ಟೆ ಹಾಕಿಕೊಂಡು ಹೋಗಿ, ಬಂದ ಮೇಲೆ ಮೊಣಕಾಲ ಹಿಂದೆ ನೋಡಿಕೊಳ್ಳಿ. ಒಂದು ದಿನ ಜ್ವರ ಬಂದರೂ, ಎಷ್ಟೇ ಕಲಿತವರು ಏನೂ ಇಲ್ಲ ಎಂದರೂ, ಕೇಳಬೇಡಿ, ರಕ್ತ ತೋರಿಸಿ. ನಿನ್ನ ಅಬ್ಬಾನ ಆಯುಷ್ಯದಲ್ಲಿ ಉಳಿದದ್ದು ಎಷ್ಟಿತ್ತೋ ಅಷ್ಟೂ ನಿಮ್ಮಿಬ್ಬರಿಗೆ ಬರಲಿ.

ಇಂತಿ,
‘ನೋಡಬೇಕಿತ್ತು’ ಎಂದು ಹೇಳಿ ಗಾಡಿ ಹತ್ತಿದವಳು,
ಸಪ್ನಾ